ಎರ್‌ಹಾಯ್ ದಡಕ್ಕೆ ಹೊರಡುವ ಮುನ್ನ

ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ, ಎರ್‌ಹಾಯ್ ಸರೋವರದ ದಡದಲ್ಲಿರುವ ದಾಲಿಗೆ ಹೊರಟಿರುವ ಗೆಳೆಯರೇ, ಬಟ್ಟೆಬರೆ ಆಮೇಲೆ, ಮೊದಲು ಮೊಬೈಲ್ ಸಜ್ಜು ಮಾಡಿಕೊಳ್ಳಿ. ಅಲ್ಲಿನ ಇಂಟರ್ನೆಟ್‌ನಲ್ಲಿ ಗೂಗಲ್ ನಕ್ಷೆಯೂ ವಾಟ್ಸ್‌ಆ್ಯಪ್ಪೂ ಕೈಕೊಡುತ್ತವೆ. ಬೀದಿಬದಿಯಲ್ಲಿ ಹಣ್ಣು ಮಾರುವವರೂ ಕ್ಯೂಆರ್ ಕೋಡನ್ನೇ ಮುಂದೆ ಹಿಡಿಯುತ್ತಾರೆ. ಅಲ್ಲಿ ಹಣ ಪಾವತಿಸಲು ಬಳಸುವ ಅಲಿಪೇ ಆ್ಯಪ್‌ಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಊರಿನಲ್ಲಿರುವಾಗಲೇ ಜೋಡಿಸಿಬಿಡಿ.

ಪ್ರಾಂತ್ಯದ ರಾಜಧಾನಿ ಕುನ್‌ಮಿಂಗ್‌ನಿಂದ ದಾಲಿಗೆ ವೇಗದ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. ಟಿಕೆಟ್ ಕಾಯ್ದಿರಿಸುವುದಕ್ಕೂ ರೈಲು ಹತ್ತುವುದಕ್ಕೂ ಪಾಸ್‌ಪೋರ್ಟೇ ಬೇಕು. ನಿಲ್ದಾಣ ಇರುವುದು ದಾಲಿಯ ಹೊಸ ನಗರಭಾಗವಾದ ಶಿಯಾಗ್ವಾನ್‌ನಲ್ಲಿ, ದಾಲಿಯ ಹಳೆಯ ಪಟ್ಟಣಕ್ಕೆ ಅಲ್ಲಿಂದ ಇನ್ನೂ ಸುಮಾರು 15 ಕಿ.ಮೀ. ಇದೆ. ರಾತ್ರಿ ತಡವಾಗಿ ಇಳಿಯುವಂತೆ ಯೋಜಿಸಬೇಡಿ.

ಕೋಣೆಯ ಕಿಟಕಿ ತೆರೆದರೆ ಸರೋವರವೇ ಕಾಣಬೇಕು ಎಂಬ ಆಸೆ ಯಾರಿಗಿಲ್ಲ? ನನಗಂತೂ ಇದೆ. ಆದರೆ ಆ ಆಸೆಗೆಂದೇ ದಡದುದ್ದಕ್ಕೂ ಎದ್ದ ವಸತಿಗೃಹಗಳ ಕೊಳಚೆಯೂ ನೀರು ಕೆಡಲು ಒಂದು ಕಾರಣವಾಗಿತ್ತು. 2017ರಲ್ಲಿ ಸ್ಥಳೀಯ ಆಡಳಿತ ದಡದ ನೂರಾರು ವಸತಿಗೃಹ, ಹೋಟೆಲುಗಳ ಬಾಗಿಲು ಮುಚ್ಚಿಸಿತು. ಈಗ ನೀರಿನಂಚಿನಲ್ಲಿ ಸೈಕಲ್ ದಾರಿ ಇದೆ. ನೋಟವನ್ನು ಕೋಣೆಯ ಬಾಡಿಗೆಯೊಳಗೆ ಸೇರಿಸಿಕೊಳ್ಳುವುದಕ್ಕಿಂತ ಬಾಡಿಗೆ ಸೈಕಲ್ ಹತ್ತಿ ಹೋಗಿ ನೋಡಿ ಬರುವುದೇ ನನಗೆ ನ್ಯಾಯವಾಗಿ ತೋರುತ್ತದೆ. ಅಗ್ಗವೂ ಹೌದು!

ತಂಗಲು ಶಿಝೌ ಒಳ್ಳೆಯದು: ಇಲ್ಲಿನ ಬಾಯ್ ಎಂಬ ಜನಾಂಗದವರ ಹಳೆಯ ಅಂಗಳದ ಮನೆಗಳಿರುವ ಊರು. ಸಸ್ಯಾಹಾರಿಗಳು ಅಲ್ಲಿನ ‘ರುಶಾನ್’ ಕೇಳಿ ತಿನ್ನಿ. ಚೀಸ್‌ನ ತೆಳು ಹಾಳೆಯನ್ನು ಕೆಂಡದ ಮೇಲೆ ಉಬ್ಬಿಸಿ, ಗುಲಾಬಿ ಜಾಮ್ ಸವರಿ, ಕಡ್ಡಿಗೆ ಸುತ್ತಿ ಕೊಡುತ್ತಾರೆ.