ಅಟೆಂಡೆನ್ಸ್ ಕೊಡ್ತೀನಿ, ಮೈದಾನಕ್ಕೆ ಬನ್ನಿ

ಕ್ಲಾಸ್ ಗ್ರೂಪಿಗೆ ಇವತ್ತು ಎರಡು ಮೆಸೇಜ್ ಹಾಕಿದೆ. ಇಂಟರ್ನಲ್ಸ್‌ಗೆ ತರಂಗಗಳ ಅಧ್ಯಾಯವೂ ಇದೆ ಅಂದಿದ್ದಕ್ಕೆ ಅಳುವ ಮುಖಗಳ ಸಾಲು. ಇನ್ನೊಂದು, ಆಗಸ್ಟ್ 18ರ ಮಧ್ಯಾಹ್ನ 12.20ಕ್ಕೆ ಮೈದಾನಕ್ಕೆ ಬನ್ನಿ, ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ ಅಂತ. ತಕ್ಷಣ, "ಸರ್, ಅಟೆಂಡೆನ್ಸ್ ಇದೆಯಾ?" ಇದೆ ಕಣ್ರಪ್ಪಾ!

ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರೋದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 24ರ ಸುಮಾರಿಗೆ, ಮತ್ತೆ ಈಗ. ದೆಹಲಿಯವರಿಗೆ ಆ ಭಾಗ್ಯವೇ ಇಲ್ಲ. ಭೂಮಿ 23.5 ಡಿಗ್ರಿ ವಾಲಿದೆ ಅಂತ ಬೋರ್ಡ್ ಮೇಲೆ ಬರೆದಾಗ ಆಕಳಿಸೋರು, ನೆಟ್ಟಗೆ ನಿಲ್ಲಿಸಿದ ನೀರಿನ ಬಾಟಲಿಯ ನೆರಳು ಮಾಯವಾದರೆ ತಾವೇ ಪ್ರಶ್ನೆ ಕೇಳ್ತಾರೆ. ಮೋಟಿವೇಶನ್ ಭಾಷಣಗಳಿಗಿಂತ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮೋಡ ಕವಿದರೆ ಮಾತ್ರ ಅವತ್ತೂ ತರಂಗಗಳೇ, ರೂಮಲ್ಲೇ.