ಎಂಟು ಕೌದಿ, ನಾಲ್ಕು ಮೈಕು, ಒಂದು ಸುತಳಿ

ನಮ್ಮ ಮನೆಗೆ ಡ್ರಮ್ ಸೆಟ್ ಬಂದಿದ್ದು ತೊಗರಿ ಚೀಲ ಹೊರುವ ಟಂಟಂನಲ್ಲಿ. ಮದುವೆ ಆರ್ಕೆಸ್ಟ್ರಾದವರೊಬ್ಬರು ಎಲೆಕ್ಟ್ರಾನಿಕ್ ಪ್ಯಾಡ್ ಹಿಡಿದ ಮೇಲೆ ಸೆಟ್ಟು ಅವರ ಮನೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ಕೇಳಿದ ಕೂಡಲೇ ಕೊಟ್ಟರು. 22 ಇಂಚಿನ ಕಿಕ್ (ಕಾಲಿಂದ ಬಾರಿಸುವ ದೊಡ್ಡ ಡ್ರಮ್), ಒಂದು ಸ್ನೇರ್ (ಬಾರಿಸುವವನ ಮುಂದಿರುವ ಚುರುಕು ದನಿಯ ಡ್ರಮ್), ಮೂರು ಟಾಮ್ (ಗುಂಡು ದನಿಯ ಡ್ರಮ್), ಮತ್ತೆ ತಾಟು ಬಡಿದಂತೆ ಕೇಳುವ ಎರಡು ಸಿಂಬಲ್. ತಮ್ಮ ಬಾರಿಸುತ್ತಾನೆ, ನಾನು ರೆಕಾರ್ಡ್ ಮಾಡುತ್ತೇನೆ. ಏಕತಾರಿ, ಹಾರ್ಮೋನಿಯಂ ಜೊತೆ ಹಾಡುವ ಒಂದು ತತ್ವಪದಕ್ಕೆ ನಿಜವಾದ ಡ್ರಮ್ಸ್ ಹಾಕಬೇಕು ಅನ್ನೋದು ನಮ್ಮಿಬ್ಬರ ಹುಚ್ಚು. ಕಂಪ್ಯೂಟರಿನ ಡ್ರಮ್ಸ್ ಹಾಕಿದ್ರೆ ಅರ್ಧ ಗಂಟೆ ಕೆಲಸ, ಗೊತ್ತು. ಬೇಡ ಅನ್ನಿಸಿತು, ಅಷ್ಟೇ.

ಮೊದಲ ತಪ್ಪು ನನ್ನದೇ. ಏಳು ಮೈಕು ಇರುವ ಅಗ್ಗದ ಪೆಟ್ಟಿಗೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮೈಕಿನ ದನಿಯನ್ನು ಕಂಪ್ಯೂಟರಿಗೆ ಕೊಡುವ ಇಂಟರ್ಫೇಸ್‌ನಲ್ಲಿ ಇರೋದು ನಾಲ್ಕೇ ಇನ್‌ಪುಟ್. ಇದು ಪೆಟ್ಟಿಗೆ ಬಿಚ್ಚಿದ ಮೇಲೆ ಹೊಳೆಯಿತು, ನಗಬೇಡಿ. ಸರಿ, ಕಿಕ್‌ಗೊಂದು, ಸ್ನೇರ್‌ಗೊಂದು, ಮೇಲೆ ಎರಡು ಇಟ್ಟು ರೆಕಾರ್ಡ್ ಮಾಡಿದೆವು. ಕೇಳಿದರೆ ಸ್ನೇರ್ ಸಣ್ಣಗೆ, ಒಣಗಿದ ಸೋರೆಬುರುಡೆಗೆ ಕಡ್ಡಿಯಲ್ಲಿ ಹೊಡೆದ ಹಾಗಿತ್ತು. ಮೈಕನ್ನೇ ಬೈದೆ. ಆಮೇಲೆ ಒಂದೊಂದೇ ಟ್ರ್ಯಾಕ್ ಕೇಳಿ ನೋಡಿದರೆ, ಒಂಟಿಯಾಗಿ ಎಲ್ಲವೂ ಸುಮಾರಾಗಿ ಚೆನ್ನಾಗಿಯೇ ಇವೆ. ಕೂಡಿಸಿದರೆ ಕೆಡುತ್ತದೆ.

ಇದರ ಲೆಕ್ಕ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಸ್ನೇರ್ ಪಕ್ಕದ ಮೈಕಿಗೆ ಪೆಟ್ಟು ತಕ್ಷಣ ಮುಟ್ಟುತ್ತದೆ, ಮೇಲಿನ ಮೈಕಿಗೆ ಸ್ವಲ್ಪ ತಡವಾಗಿ. ಎರಡರ ನಡುವಿನ ದೂರ 85 ಸೆಂಟಿಮೀಟರ್ ಇದ್ದರೆ ತಡ ಎರಡೂವರೆ ಮಿಲಿಸೆಕೆಂಡ್. 200 ಹರ್ಟ್ಸ್‌ನ ಅಲೆಗೆ ಅದು ಸರಿಯಾಗಿ ಅರ್ಧ ಸುತ್ತು. ಒಂದು ಮೈಕಿನಲ್ಲಿ ಅಲೆ ಮೇಲೆ ಏಳುವಾಗ ಇನ್ನೊಂದರಲ್ಲಿ ಕೆಳಗೆ ಬೀಳುತ್ತದೆ, ಎರಡೂ ಒಂದನ್ನೊಂದು ತಿಂದು ಹಾಕುತ್ತವೆ. ಸ್ನೇರ್‌ನ ದಪ್ಪ ದನಿ ಇರೋದೇ ಆ 200ರ ಆಸುಪಾಸಿನಲ್ಲಿ! ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ್ನೇರ್ ಟ್ರ್ಯಾಕಿನ ಫೇಸ್ ಬಟನ್ ಒತ್ತಿದೆ, ಅಲೆ ತಲೆಕೆಳಗಾಯಿತು, ಹೋಗಿದ್ದ ಹೊಟ್ಟೆ ವಾಪಸ್ ಬಂತು. ಒಂದು ಕ್ಲಿಕ್. ಏಳು ಮೈಕಿನ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಅಲ್ಲಿಂದ ಮುಂದೆ ಸುತಳಿ ಬಂತು. ಚೀಲದ ಬಾಯಿ ಕಟ್ಟುವ ಅದೇ ಸುತಳಿ. ಗ್ಲಿನ್ ಜಾನ್ಸ್ ಅಂತ ಇಂಗ್ಲೆಂಡಿನ ಎಂಜಿನಿಯರ್ ಒಬ್ಬರಿದ್ದಾರೆ, 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಲೆಡ್ ಜೆಪಲಿನ್ ಅನ್ನೋ ರಾಕ್ ತಂಡವನ್ನು ರೆಕಾರ್ಡ್ ಮಾಡಿದವರು. ಅವರ ಹೆಸರಿನಲ್ಲೇ ಒಂದು ಪದ್ಧತಿ ಇದೆ. ಒಂದು ಮೈಕು ಸ್ನೇರ್‌ನ ನೆತ್ತಿಯ ಮೇಲೆ, ಸುಮಾರು ಒಂದು ಮೀಟರ್ ಎತ್ತರದಲ್ಲಿ. ಇನ್ನೊಂದು ಬಾರಿಸುವವನ ಬಲಗಡೆ, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್‌ನ ಆಚೆ, ಅದರ ಅಂಚಿಗಿಂತ ಸ್ವಲ್ಪ ಮೇಲೆ, ಹೈ-ಹ್ಯಾಟ್ (ಕಾಲಿಂದ ಮುಚ್ಚುವ ಜೋಡಿ ಸಿಂಬಲ್) ಕಡೆ ಮುಖ ಮಾಡಿ. ಎರಡೂ ಸ್ನೇರ್‌ನ ನಡುಮಧ್ಯದಿಂದ ಒಂದೇ ದೂರದಲ್ಲಿ ಇರಬೇಕು, ಗುಟ್ಟು ಇಷ್ಟೇ. ತಮ್ಮ ಸುತಳಿಯ ತುದಿಯನ್ನು ಸ್ನೇರ್‌ನ ನಡುವೆ ಬೆರಳಲ್ಲಿ ಒತ್ತಿ ಹಿಡಿದ, ನಾನು ಮೊದಲ ಮೈಕಿನ ಮೂತಿಗೆ ಎಳೆದು ಅಲ್ಲೊಂದು ಗಂಟು ಹಾಕಿ, ಅದೇ ಗಂಟನ್ನು ಎರಡನೇ ಮೈಕಿನವರೆಗೆ ಒಯ್ದೆ. ನಾಲ್ಕು ಬೆರಳು ಜಾಸ್ತಿ ಇತ್ತು. ಸರಿಸಿದೆ. ಟೇಪಿಗಿಂತ ಸುತಳಿ ವಾಸಿ, ಅಂಕಿ ಓದೋ ಗೋಜಿಲ್ಲ. ಬಿಸಿಲು ಏರಿದರೆ ಶಬ್ದದ ವೇಗವೂ ಏರುತ್ತದೆ, ನಮ್ಮ ಕಲಬುರಗಿಯ 40 ಡಿಗ್ರಿಯಲ್ಲಿ ಅದು 355ರ ಹತ್ತಿರ, ಆದರೆ ದೂರ ಸಮ ಇದ್ದರೆ ಎರಡೂ ಮೈಕಿಗೆ ಒಟ್ಟಿಗೇ ಮುಟ್ಟುತ್ತದೆ, ಚಿಂತೆ ಇಲ್ಲ.

ಮೈಕಿಗಿಂತ ಜಾಸ್ತಿ ಕಾಡಿದ್ದು ಕೋಣೆ. ಮಾಳಿಗೆ ಮೇಲಿನ ಹತ್ತು ಹನ್ನೆರಡು ಅಡಿ ಕೋಣೆ, ಕೆಳಗೆ ಶಹಾಬಾದ್ ಫರಸಿ, ಸುತ್ತ ಸಿಮೆಂಟು, ತಲೆ ಮೇಲೆ ಸ್ಲ್ಯಾಬು. ಒಮ್ಮೆ ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ಪುಟಿದು ಟರ್ರ್ ಅನ್ನುತ್ತದೆ. ಫೋಮ್ ಬೆಲೆ ನೋಡಿ ಸುಮ್ಮನಾದೆ. ಪೆಟ್ಟಿಗೆಯಲ್ಲಿ ಅಜ್ಜಿ ಹೊಲಿದ ಕೌದಿಗಳಿದ್ದವು, ಹಳೆ ಸೀರೆ ಧೋತರಗಳ ಐದಾರು ಪದರ, ಒಂದೊಂದೂ ಎತ್ತೋಕೆ ಭಾರ. ಮೂರು ಗೋಡೆಗೆ ಹಗ್ಗ ಕಟ್ಟಿ, ಗೋಡೆಗೆ ಅಂಟದಂತೆ ಒಂದು ಗೇಣು ಬಿಟ್ಟು ಆರು ಇಳಿಬಿಟ್ಟೆ. ಹಿಂದೆ ಗಾಳಿಯ ಜಾಗ ಇದ್ದರೆ ಬಟ್ಟೆ ಇನ್ನೂ ಸ್ವಲ್ಪ ಕೆಳಗಿನ ದನಿಯನ್ನೂ ಹೀರುತ್ತದೆ. ಏಳನೆಯದು ಸೆಟ್ಟಿನ ನೆತ್ತಿಗೆ, ಚಪ್ಪರದ ಹಾಗೆ. ಇದನ್ನು ಮಾತ್ರ ಬಿಡಬೇಡಿ, ತಗ್ಗಿನ ಸ್ಲ್ಯಾಬಿಗೆ ಬಡಿದು ವಾಪಸ್ ಬರುವ ಸಿಂಬಲ್ ಸದ್ದು ಮೇಲಿನ ಮೈಕನ್ನು ಹಾಳು ಮಾಡುತ್ತದೆ. ಎಂಟನೆಯದನ್ನು ಮಡಚಿ ಕಿಕ್ ಹೊಟ್ಟೆಯೊಳಗೆ ಇಟ್ಟೆ, ಎರಡೂ ಕಡೆಯ ತೊಗಲಿಗೆ ಸುಮ್ನೆ ತಾಗುವಷ್ಟು. ಸೆಟ್ಟಿನ ಕೆಳಗೆ ಜಮಖಾನೆ, ಇಲ್ಲದಿದ್ದರೆ ಫರಸಿ ಮೇಲೆ ಕಿಕ್ ಜಾರಿ ಮುಂದೆ ಮುಂದೆ ಹೋಗುತ್ತದೆ. ಕೌದಿಯಿಂದ ದನಿ ಪಕ್ಕದ ಮನೆಗೆ ಹೋಗೋದು ನಿಲ್ಲುತ್ತದೆ ಅಂತ ಮಾತ್ರ ನಂಬಬೇಡಿ. ನಿಲ್ಲಲ್ಲ. ಕೇಳಿಸಿಕೊಂಡ ಮೇಲೆ ಹೇಳ್ತಿದ್ದೀನಿ.

ಮೊಹರಂ ಮೊದಲು ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಆ ತಾಳ್ಮೆ ಡ್ರಮ್ಸ್‌ಗೂ ಬೇಕು. ತೊಗಲು ಇಲ್ಲಿ ಪ್ಲಾಸ್ಟಿಕ್ ಹಾಳೆ, ಬೆಂಕಿ ಬದಲು ಕೀಲಿ. ಒಂದು ಬೋಲ್ಟ್ ತಿರುಗಿಸಿದರೆ ಮುಂದಿನದು ಅದರ ಎದುರಿನದು. ಪ್ರತಿ ಬೋಲ್ಟಿನ ಹತ್ತಿರ ಒಂದಿಂಚು ಒಳಗೆ ಮೆಲ್ಲಗೆ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರೋವರೆಗೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಆ ಸಂಜೆ ತಂದ ವ್ಯತ್ಯಾಸವನ್ನು ಏಳು ಮೈಕಿನ ಪೆಟ್ಟಿಗೆ ತರಲಿಲ್ಲ.

ಕಿಕ್‌ನ ಕಥೆ ಬೇರೆ. ಹಾಡುವ ಮೈಕನ್ನೇ ಕಿಕ್‌ನ ತೂತಿನೊಳಗೆ ತೂರಿಸಿದೆವು, ಟಕ್ ಬಂತು, ಧಮ್ ಬರಲಿಲ್ಲ. ಸ್ಪೀಕರನ್ನು ತಿರುವಿ ಹಾಕಿದರೆ ಅದೇ ಒಂದು ಡೈನಮಿಕ್ ಮೈಕು, ಕೋನ್ ಅಲುಗಿದರೆ ಕಾಯಿಲ್ ಕರೆಂಟ್ ಹುಟ್ಟಿಸುತ್ತದೆ. ದೊಡ್ಡ ಸ್ಟುಡಿಯೋಗಳಲ್ಲಿ ಯಮಾಹಾ ಎನ್‌ಎಸ್-10 ಸ್ಪೀಕರಿನ ವೂಫರನ್ನು, ಅಂದರೆ ತಗ್ಗಿನ ದನಿಯ ಕೋನನ್ನು, ಹೀಗೆ ಇಟ್ಟವರಿದ್ದಾರೆ. ನಾನು ಕೆಟ್ಟ ಹೋಂ ಥಿಯೇಟರಿನ ಆರೂವರೆ ಇಂಚಿನ ವೂಫರ್ ಒಯ್ದು, ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಅಂಗಡಿಯಲ್ಲಿ ಮೈಕಿನ ಕೇಬಲ್ ಕೂರುವ ಎಕ್ಸ್‌ಎಲ್‌ಆರ್ ಪಿನ್ ಬೆಸುಗೆ ಹಾಕಿಸಿದೆ. ಅವನು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಕಿಕ್ ಮುಂದೆ ಎರಡು ಇಂಚು ದೂರದಲ್ಲಿ, ಸ್ಟೂಲಿಗೆ ಕಟ್ಟಿ ಇಟ್ಟರೆ ಬಂದ ಧಮ್‌ಗೆ ಕೋಣೆ ತುಂಬಿತು. ಸಿಗ್ನಲ್ ಜೋರು, ಗೇನ್ (ಸಿಗ್ನಲ್ ಎಷ್ಟು ಏರಿಸಬೇಕು ಅನ್ನೋ ಗುಂಡಿ) ಪೂರ್ತಿ ಇಳಿಸಿ, ಸಿಗ್ನಲ್ ತಗ್ಗಿಸುವ ಪ್ಯಾಡ್ ಬಟನ್ ಒತ್ತಬೇಕಾಯಿತು. ಇನ್‌ಪುಟ್ ನಾಲ್ಕೇ ಇರೋದರಿಂದ ಸ್ನೇರ್ ಮೈಕನ್ನು ಕಿತ್ತೆ. ಸುತಳಿ ಅಳತೆ ಸರಿ ಇದ್ದರೆ ಮೇಲಿನ ಎರಡೇ ಸ್ನೇರ್‌ಗೆ ಸಾಕು. ತಮ್ಮನಿಗೆ ಒಂದೇ ಮಾತು ಹೇಳಿದೆ: ಸಿಂಬಲ್ ಮೆಲ್ಲಗೆ, ಡ್ರಮ್ ಜೋರಾಗಿ.

ಗೇನ್ ಇಡುವಾಗ ಅವನು ಮೆತ್ತಗೆ ಬಾರಿಸುತ್ತಾನೆ, ಹಾಡು ಶುರುವಾದರೆ ಮೈಮೇಲೆ ಬಂದವನ ಹಾಗೆ ಬಡಿಯುತ್ತಾನೆ. ಅದಕ್ಕೆ 24 ಬಿಟ್‌ನಲ್ಲಿ, ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇಡ್ತೀನಿ, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ.

ಇನ್ನುಳಿದಿದ್ದು ಊರಿನ ಸದ್ದು. ಮಾರ್ಚ್‌ಗೇ ಪಕ್ಕದ ಮನೆಯ ಕೂಲರ್ ಗರ್ರ್ ಅಂತ ಶುರು, ನಮ್ಮ ಫ್ಯಾನ್ ಬಂದ್, ತಮ್ಮನ ಬನಿಯನ್ ಹಿಂಡಿದರೆ ಬಕೆಟ್ ತುಂಬುತ್ತೆ. ಕರೆಂಟ್ ಹೋದರೆ ಇನ್ವರ್ಟರಿನ ಗುಂಯ್ ಮೈಕಿನಲ್ಲಿ ಕೂರುತ್ತದೆ, ಬರೋವರೆಗೆ ಕಾಯೋದೇ. ನಿನ್ನೆ ಒಂದು ಒಳ್ಳೆ ಟೇಕ್ ಬಂತು, ಎರಡನೇ ನುಡಿಯ ಕೊನೆಗೆ ಕುಕ್ಕರ್ ಸೀಟಿ ಇದೆ. ಅದನ್ನು ತೆಗೆಯಬೇಕೋ ಬಿಡಬೇಕೋ ಅಂತ ಇಬ್ಬರಿಗೂ ಜಗಳ. ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು, ಶರಣಬಸವೇಶ್ವರ ಜಾತ್ರೆಗೆ ನೆಂಟರು ಬರ್ತಾರೆ, ಕೌದಿ ಯಾವಾಗ ಬಿಚ್ತೀರಿ ಅಂತ. ಆರು ಕೊಡ್ತೀವಿ ಅಂದ್ವಿ. ನೆತ್ತಿ ಮೇಲಿನದು ಮತ್ತು ಕಿಕ್ ಹೊಟ್ಟೆಯದು ಸದ್ಯಕ್ಕೆ ನಮ್ಮ ಹತ್ತಿರವೇ ಇವೆ.