ಪೋಸ್ಟರ್ ಅಂಟಿಸಿದರೆ ಮಕ್ಕಳು ಸಾರಿಗೆ ಕೆಲಸಕ್ಕೆ ಬರುವುದಿಲ್ಲ

ಪೋಸ್ಟರ್ ನೋಡಿ ಸಾರಿಗೆ ಕೆಲಸಕ್ಕೆ ಸೇರಿದವರನ್ನು ನಾನಂತೂ ಕಂಡಿಲ್ಲ. ಹೆಲ್ಮೆಟ್ ಹಾಕಿ ನಗುತ್ತಿರುವ ಹುಡುಗಿ, ಹಿಂದೆ ಒಂದು ರೈಲು, ಕೆಳಗೆ 'ನೀವೂ ಬನ್ನಿ' ಅಂತ ಒಂದು ಸಾಲು. ನಮ್ಮ ಕಚೇರಿಯ ಗೋಡೆ ಮೇಲೂ ಇದೆ. ಬಸ್ ಮಾರ್ಗ ಮತ್ತು ಸಿಗ್ನಲ್‌ಗಳ ಯೋಜನೆ ಮಾಡುವುದು ನನ್ನ ಕೆಲಸ. ಅದರ ಜೊತೆಗೆ ಕಾಲೇಜುಗಳಿಗೆ ಹೋಗಿ ಈ ಕ್ಷೇತ್ರದ ಬಗ್ಗೆ ಹೇಳುವುದು, ರಜೆಯಲ್ಲಿ ಬರುವ ಇಂಟರ್ನ್‌ಗಳನ್ನು ನೋಡಿಕೊಳ್ಳುವುದು ಕೂಡ ನನ್ನ ಪಾಲಿಗೆ ಬಂದಿದೆ. ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಇಲ್ಲಿಗೆ ಯಾಕೆ ಬರುವುದಿಲ್ಲ, ಬಂದವರು ಯಾಕೆ ಉಳಿಯುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ತರಗತಿಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ. ಸಾರಿಗೆಯಲ್ಲಿ ಯಾವ ಯಾವ ಕೆಲಸ ಇದೆ? ಡ್ರೈವರ್, ಪೈಲಟ್, ಕಂಡಕ್ಟರ್ ಅನ್ನುತ್ತಾರೆ. ಯಾರಾದರೂ 'ರಸ್ತೆ ಹಾಕೋ ಎಂಜಿನಿಯರ್' ಅಂದರೆ ಅದೇ ಜಾಸ್ತಿ. ಬಸ್ಸಿನ ವೇಳಾಪಟ್ಟಿಯನ್ನು ಒಬ್ಬರು ಕೂತು ಲೆಕ್ಕ ಹಾಕಿ ಮಾಡುತ್ತಾರೆ ಅಂತ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಅಪಘಾತದ ವರದಿಗಳನ್ನು ಓದಿ ಯಾವ ತಿರುವಿನಲ್ಲಿ ತೊಂದರೆ ಇದೆ ಅಂತ ಹುಡುಕುವವರು, ನಿಲ್ದಾಣದ ಫಲಕ ವಿನ್ಯಾಸ ಮಾಡುವವರು, ಹಡಗಿನಲ್ಲಿ ಕಂಟೇನರ್ ಎಲ್ಲಿ ಕೂರಬೇಕು ಅಂತ ನಿರ್ಧರಿಸುವವರು, ವಿಮಾನಗಳ ನಡುವಿನ ಅಂತರ ಕಾಯುವವರು, ಡಿಪೋದಲ್ಲಿ ಬ್ಯಾಟರಿ ಬಸ್ಸಿನ ಚಾರ್ಜಿಂಗ್ ನೋಡಿಕೊಳ್ಳುವವರು, ಎಲ್ಲರೂ ಸಾರಿಗೆಯವರೇ. ಗಣಿತ ಓದಿದವರಿಗೂ ಜಾಗ ಇದೆ, ಸಮಾಜಶಾಸ್ತ್ರ ಓದಿದವರಿಗೂ ಇದೆ. ಅಪ್ಪನೋ ಚಿಕ್ಕಪ್ಪನೋ ಈ ಕಚೇರಿಗಳಲ್ಲಿ ಇದ್ದರೆ ಇದೆಲ್ಲ ಮನೆ ಮಾತಿನಲ್ಲೇ ಗೊತ್ತಾಗುತ್ತದೆ. ಇಲ್ಲದವರಿಗೆ ಯಾರು ಹೇಳುತ್ತಾರೆ?

ಆದರೆ ಕೆಲಸಗಳ ಪಟ್ಟಿ ಓದಿದ ಮಾತ್ರಕ್ಕೆ ಯಾರ ಕಣ್ಣೂ ಅರಳುವುದಿಲ್ಲ. ಅವರ ಕೈಗೆ ನಿಜವಾದ ಒಂದು ಸಮಸ್ಯೆ ಕೊಟ್ಟಾಗ ಕಥೆಯೇ ಬೇರೆ. ಒಮ್ಮೆ ಇಂಟರ್ನ್‌ಗಳಿಗೆ ಟಿಕೆಟ್ ಮೆಷಿನ್‌ನ ಅಂಕಿಅಂಶ ಕೊಟ್ಟಿದ್ದೆವು. ಯಾವ ಹೊತ್ತಿನಲ್ಲಿ, ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತುತ್ತಾರೆ ಅನ್ನುವ ಲೆಕ್ಕ. ಎಲ್ಲರೂ ಚಂದದ ಗ್ರಾಫ್ ಮಾಡಿದರು. ಮುಂಜಾನೆ ಬೇಡಿಕೆ ಇಲ್ಲ ಅಂತಲೇ ಎಲ್ಲರ ತೀರ್ಮಾನ. ಒಬ್ಬ ಹುಡುಗ ಮಾತ್ರ ಸುಮ್ನೆ ಕೂತಿದ್ದ. ಅವನ ತಾಯಿ ರಾತ್ರಿ ಪಾಳಿಯಲ್ಲಿ ಕಚೇರಿಗಳನ್ನು ಸ್ವಚ್ಛ ಮಾಡುವವರು. ಕೊನೆಗೆ ಕೇಳಿದ: "ಮೇಡಂ, ಬಸ್ಸೇ ಇಲ್ಲದ ಹೊತ್ತಲ್ಲಿ ಟಿಕೆಟ್ ಹೇಗೆ ಬರುತ್ತೆ?"

ಇದು ನಮ್ಮ ಕ್ಷೇತ್ರದವರಿಗೆ ತಿಳಿಯದ ವಿಷಯವೇನಲ್ಲ. ಟಿಕೆಟ್ ಲೆಕ್ಕ ಹತ್ತಿದವರನ್ನು ಮಾತ್ರ ತೋರಿಸುತ್ತದೆ, ಹತ್ತಲಾಗದವರನ್ನು ತೋರಿಸುವುದಿಲ್ಲ ಅಂತ ಪಾಠದಲ್ಲೇ ಇದೆ. ಆದರೆ ಓದಿ ತಿಳಿಯುವುದು ಬೇರೆ, ಬಸ್ಸಿಗಾಗಿ ಕಾಯುತ್ತಾ ಕತ್ತಲಲ್ಲಿ ನಿಂತ ತಾಯಿಯ ಮಗನಾಗಿ ತಿಳಿಯುವುದು ಬೇರೆ. ಅವನು ಕೇಳಿದ ಮೇಲೆ ರಾತ್ರಿ ಪಾಳಿ ಇರುವ ಕಡೆಗೆ ಹೋಗಿ ಕೆಲಸಗಾರರನ್ನೇ ಮಾತಾಡಿಸಿದೆವು. ಮುಂಜಾನೆಯ ಒಂದು ಬಸ್ ಇನ್ನಷ್ಟು ಬೇಗ ಹೊರಡುವಂತಾಯಿತು. ಉಳಿದ ಬೇಡಿಕೆಗಳು ಇನ್ನೂ ಕಡತದಲ್ಲೇ ಇವೆ, ಅದು ಬೇರೆ ಮಾತು.

ಸಿಗ್ನಲ್ ಲೆಕ್ಕವೂ ಹೀಗೆಯೇ. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅನ್ನುವುದು ಬಹಳ ಕಾಲ ಬಳಕೆಯಲ್ಲಿದ್ದ ಅಂದಾಜು. 14 ಮೀಟರ್ ಅಗಲದ ರಸ್ತೆ ದಾಟಲು ಸುಮಾರು 12 ಸೆಕೆಂಡು ಸಾಕು ಅನ್ನುತ್ತದೆ ಆ ಲೆಕ್ಕ. ಅಮೆರಿಕದ ಸಂಚಾರ ಸಾಧನಗಳ ಕೈಪಿಡಿ 2009ರಲ್ಲಿ ಈ ವೇಗವನ್ನು ಸೆಕೆಂಡಿಗೆ 1.07 ಮೀಟರಿಗೆ ಇಳಿಸಿತು. ವಯಸ್ಸಾದವರಲ್ಲಿ ಎಷ್ಟೋ ಜನ ಸೆಕೆಂಡಿಗೆ 0.8 ಮೀಟರ್ ಆಸುಪಾಸಿನಲ್ಲಿ ನಡೆಯುತ್ತಾರೆ. ಅವರಿಗೆ ಅದೇ ರಸ್ತೆ ದಾಟಲು 17 ಸೆಕೆಂಡಿಗೂ ಹೆಚ್ಚು ಬೇಕು. ವಿದ್ಯಾರ್ಥಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಕ್ರಾಸಿಂಗ್ ಹತ್ತಿರ ನಿಲ್ಲಿಸುತ್ತೇನೆ. ಅಜ್ಜಿಯ ಕೈ ಹಿಡಿದು ರಸ್ತೆ ದಾಟಿ ಅಭ್ಯಾಸ ಇರುವವರು, ಊರುಗೋಲು ಹಿಡಿದು ನಡೆಯುವವರು ಆ ಐದಾರು ಸೆಕೆಂಡಿನ ಅರ್ಥವನ್ನು ಉಳಿದವರಿಗಿಂತ ಬೇಗ ಹಿಡಿಯುತ್ತಾರೆ. ತಾವು ಬದುಕಿದ್ದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾದ ಕ್ಷಣ ಅವರು ಕೂರುವ ಭಂಗಿಯೇ ಬದಲಾಗುತ್ತದೆ.

ಕಾರು ಗುದ್ದಿದರೆ ಒಳಗಿರುವವರಿಗೆ ಏನಾಗುತ್ತದೆ ಅಂತ ಪರೀಕ್ಷಿಸಲು ಸೀಟಿನಲ್ಲಿ ಕೂರಿಸುವ ಬೊಂಬೆಯ ಬಗ್ಗೆಯೂ ಹೇಳುತ್ತೇನೆ. ಅತಿ ಹೆಚ್ಚು ಬಳಕೆಯಾದ ಬೊಂಬೆ ಸರಾಸರಿ ಗಂಡಸಿನ ಅಳತೆಯದು. ಎತ್ತರ ಸುಮಾರು 175 ಸೆಂಟಿಮೀಟರ್, ತೂಕ ಸುಮಾರು 78 ಕಿಲೋ. ಹೆಂಗಸಿನ ಬೊಂಬೆ ಅಂತ ಬಂದದ್ದು ಹೆಚ್ಚುಕಡಿಮೆ ಅದನ್ನೇ ಚಿಕ್ಕದು ಮಾಡಿದ್ದು. ಇದನ್ನು ಕೇಳಿದಾಗ ಹುಡುಗಿಯರಿಗೆ ಬರುವ ಸಿಟ್ಟು ನನಗೆ ಇಷ್ಟ. ಆ ಸಿಟ್ಟಿಗೆ ಒಂದು ಕೆಲಸ ಇದೆ ಅಂತ ಆಗಲೇ ಹೇಳಿಬಿಡಬೇಕು. ನಾಳೆ ಹೇಳಿದರೆ ತಣ್ಣಗಾಗಿರುತ್ತದೆ.

ಹೊರಗಿನಿಂದ ಬಂದವರು ಈ ಕ್ಷೇತ್ರಕ್ಕೆ ಏನು ಕೊಟ್ಟರು ಅಂತ ಕೇಳಿದರೆ ಇಬ್ಬರ ಹೆಸರು ಹೇಳುತ್ತೇನೆ. ಗ್ಯಾರೆಟ್ ಮಾರ್ಗನ್, ಹೆಚ್ಚು ಶಾಲೆ ಓದದ ಕಪ್ಪು ಅಮೆರಿಕನ್. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. 'ಹೋಗು', 'ನಿಲ್ಲು' ಎರಡರ ನಡುವೆ ಎಲ್ಲಾ ದಿಕ್ಕಿನ ವಾಹನಗಳನ್ನೂ ತಡೆಯುವ ಮೂರನೇ ಸ್ಥಿತಿ ಇರುವ ಸಿಗ್ನಲ್‌ಗೆ 1923ರಲ್ಲಿ ಪೇಟೆಂಟ್ ಪಡೆದರು. ಇನ್ನೊಬ್ಬರು ಜಪಾನಿನ ಸೇಯಿಚಿ ಮಿಯಾಕೆ. ದೃಷ್ಟಿ ಕಳೆದುಕೊಳ್ಳುತ್ತಿದ್ದ ಗೆಳೆಯನಿಗಾಗಿ ಉಬ್ಬುಗಳಿರುವ ನೆಲಹಾಸನ್ನು ರೂಪಿಸಿದರು. 1967ರಲ್ಲಿ ಒಕಯಾಮ ನಗರದ ಅಂಧರ ಶಾಲೆಯ ಹತ್ತಿರ ಅದನ್ನು ಮೊದಲು ಹಾಕಿದರು. ಇವತ್ತು ರೈಲು ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಹಳದಿ ಪಟ್ಟಿ ಕಾಣುತ್ತದಲ್ವಾ, ಅದರ ಮೂಲ ಅದೇ. ಆದರೆ ಸಾಧಕರ ಕಥೆಯನ್ನು ಎಳೆಯಬಾರದು. ಎರಡು ನಿಮಿಷ ಸಾಕು. ಜಾಸ್ತಿ ಆದರೆ 'ಅಷ್ಟು ದೊಡ್ಡವರು ನಾವಲ್ಲ' ಅಂತ ಮಕ್ಕಳು ಹಿಂದೆ ಸರಿಯುತ್ತಾರೆ.

ಆಸೆ ಹುಟ್ಟಿಸುವುದು ಸುಲಭ. ಕಷ್ಟ ಇರುವುದು ಬಾಗಿಲಿನಲ್ಲಿ. ಸಂಬಳವಿಲ್ಲದ ಇಂಟರ್ನ್‌ಶಿಪ್ ಅಂದರೆ, ರಜೆಯಲ್ಲಿ ದುಡಿದು ಮನೆಗೆ ಕೊಡಬೇಕಾದ ವಿದ್ಯಾರ್ಥಿಯನ್ನು ನಾವೇ ಆಚೆ ಕಳಿಸಿದ ಹಾಗೆ. ನಾವು ಸ್ಟೈಪೆಂಡ್ ಕೊಡಲು ಶುರು ಮಾಡಿದ ಮೇಲೆ ಅರ್ಜಿ ಹಾಕುವವರ ಮುಖಗಳೇ ಬದಲಾದವು. ಯಾವ ಭಾಷಣದಿಂದಲೂ ಆಗದ ಕೆಲಸ ಅದು. ಅರ್ಜಿಯಲ್ಲಿ 'ಅನುಭವ' ಅನ್ನುವ ಕಾಲಂ ತೆಗೆದು, 'ನೀವು ದಿನಾ ಓಡಾಡುವ ದಾರಿಯಲ್ಲಿ ಏನನ್ನು ಸರಿ ಮಾಡುತ್ತೀರಿ?' ಅಂತ ಕೇಳಿದೆವು. ಬಂದ ಉತ್ತರಗಳನ್ನು ನಮ್ಮ ಹಿರಿಯ ಎಂಜಿನಿಯರ್‌ಗಳೂ ಕೂತು ಓದಿದರು.

ತಂದೆ ತಾಯಿಯನ್ನೂ ಮರೆಯುವ ಹಾಗಿಲ್ಲ. ರಾತ್ರಿ ಪಾಳಿ ಇರುತ್ತಾ, ಹುಡುಗಿ ಒಬ್ಬಳೇ ಸೈಟಿಗೆ ಹೋಗಬೇಕಾ ಅಂತ ಕೇಳುತ್ತಾರೆ. ನೇರ ಉತ್ತರ ಕೊಡಬೇಕು. ಕೆಲವು ಕೆಲಸಗಳಲ್ಲಿ ರಾತ್ರಿ ಪಾಳಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಸುಳ್ಳು ಭರವಸೆ ಕೊಟ್ಟರೆ ಮೂರೇ ತಿಂಗಳಲ್ಲಿ ಆ ಮನೆಯ ನಂಬಿಕೆ ಹೋಗುತ್ತದೆ, ಜೊತೆಗೆ ಅವರ ನೆಂಟರಿಷ್ಟರದ್ದೂ.

ರೈಲ್ವೆ ಕೆಲಸಕ್ಕಿರುವ ದೃಷ್ಟಿ ಪರೀಕ್ಷೆಯ ವಿಷಯವನ್ನೂ ಮೊದಲೇ ಹೇಳಬೇಕು. 1875ರಲ್ಲಿ ಸ್ವೀಡನ್‌ನಲ್ಲಿ ಎರಡು ರೈಲು ಡಿಕ್ಕಿಯಾದ ಮೇಲೆ, ಹೋಲ್ಮ್‌ಗ್ರೆನ್ ಅನ್ನುವ ವಿಜ್ಞಾನಿ ಬಣ್ಣಬಣ್ಣದ ಉಣ್ಣೆ ಎಳೆಗಳಿಂದ ರೈಲು ಸಿಬ್ಬಂದಿಯ ಬಣ್ಣ ಗುರುತಿಸುವ ಶಕ್ತಿಯನ್ನು ಪರೀಕ್ಷಿಸಿದರು. ಆ ಸುರಕ್ಷತೆಯ ನಿಯಮ ಇವತ್ತಿಗೂ ಬೇಕು. ಆದರೆ ಬಣ್ಣ ಗುರುತಿಸಲಾಗದ ಹುಡುಗನಿಗೆ ರೈಲು ಓಡಿಸುವಂಥ, ಬಣ್ಣದ ಸಿಗ್ನಲ್ ನೋಡಬೇಕಾದ ಕೆಲಸಗಳಷ್ಟೇ ಸಿಗುವುದಿಲ್ಲ, ಇಡೀ ರೈಲ್ವೆಯೇ ಮುಚ್ಚಿಲ್ಲ ಅಂತ ಅದೇ ಉಸಿರಿನಲ್ಲಿ ಹೇಳಬೇಕು. ವೇಳಾಪಟ್ಟಿ, ಬೇಡಿಕೆ ಲೆಕ್ಕ, ಸಾಫ್ಟ್‌ವೇರ್, ಖರೀದಿ ವಿಭಾಗಗಳ ಬಾಗಿಲು ತೆರೆದಿದೆ.

ಇನ್ನು ಬಂದವರನ್ನು ಉಳಿಸಿಕೊಳ್ಳುವ ವಿಷಯ. 2021ರ ಒಂದು ಅಂತರರಾಷ್ಟ್ರೀಯ ವರದಿಯ ಪ್ರಕಾರ ಪ್ರಮಾಣಪತ್ರ ಪಡೆದ ಹಡಗು ಸಿಬ್ಬಂದಿಯಲ್ಲಿ ಹೆಂಗಸರು ಬರೀ 1.28 ಶೇಕಡಾ. ಆಸಕ್ತಿ ಇಲ್ಲ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಡಿಪೋಗಳಲ್ಲಿ ನಾನು ನೋಡಿದ್ದು ಬೇರೆ. ಹೆಂಗಸರ ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರವೋ. ಸೇಫ್ಟಿ ಶೂ ದೊಡ್ಡ ಸೈಜಿನಲ್ಲಿ ಮಾತ್ರ. ಜಾಕೆಟ್ ಮಂಡಿಯವರೆಗೆ. ಇಂಥ ಕಡೆ ಯಾರಿಗಾದರೂ 'ಇದು ನನ್ನ ಜಾಗ' ಅನ್ನಿಸುವುದು ಹೇಗೆ? ಈಗ ಇಂಟರ್ನ್‌ಗಳು ಬರುವುದಕ್ಕೆ ಒಂದು ವಾರ ಮೊದಲೇ ಅವರ ಸೈಜ್ ಕೇಳಿ ಶೂ, ಜಾಕೆಟ್ ತರಿಸುತ್ತೇವೆ. ಬೀಗದ ಕೈಯನ್ನು ಮೊದಲ ದಿನವೇ ಅವರ ಕೈಗೆ ಕೊಡುತ್ತೇವೆ. ಮುಂದಿನ ತಂಡಕ್ಕೆ ಪ್ರಯಾಣ ಸಮೀಕ್ಷೆಯ ಪ್ರಶ್ನೆಪಟ್ಟಿಯನ್ನೇ ತಿದ್ದುವ ಕೆಲಸ ಇಟ್ಟಿದ್ದೇನೆ. ಈಗಿನದರಲ್ಲಿ ಮಗುವನ್ನು ಶಾಲೆಗೆ ಬಿಟ್ಟು, ಔಷಧಿ ತಗೊಂಡು, ಆಮೇಲೆ ಕೆಲಸಕ್ಕೆ ಹೋಗುವವರ ಓಡಾಟ ಬರೆಯಲು ಜಾಗವೇ ಇಲ್ಲ.